ದಾರದ ದಾರಿ

ಲೇಸು ಎಂದರೆ ದಾರದಿಂದ ಕಟ್ಟಿದ ಕಿಂಡಿಗಳ ಸಾಲು. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕಸೂತಿಗೆ ಕೆಳಗೊಂದು ಬಟ್ಟೆಯ ಆಸರೆ ಇರುತ್ತದೆ. ಲೇಸಿಗೆ ಈ ಎರಡೂ ಇಲ್ಲ. ಎಳೆ ತನ್ನನ್ನು ತಾನೇ ಸುತ್ತಿ, ಕುಣಿಕೆ ಹಾಕಿ, ಖಾಲಿ ಜಾಗವನ್ನು ಅಳೆದು ಬಿಟ್ಟು ಮುಂದೆ ಹೋಗುತ್ತದೆ. ಇಂಗ್ಲಿಷಿನ ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದರ ಅರ್ಥ ಉರುಲು, ಕುಣಿಕೆ. ಕನ್ನಡಕ್ಕೆ ಬಂದ ಮೇಲೆ ಅದು ಒಳಿತು ಎಂಬ ಅರ್ಥದ ನಮ್ಮ ಹಳೆಯ 'ಲೇಸು' ಪದದ ರೂಪವನ್ನೇ ಪಡೆದಿರುವುದು ಆಕಸ್ಮಿಕ, ಆದರೆ ಹಿತವಾದ ಆಕಸ್ಮಿಕ.

ಯಾವ ಲೇಸಿನಲ್ಲೂ ಎರಡು ಸಂಗತಿಗಳಿರುತ್ತವೆ. ಒಂದು ಕಣ್ಣಿಗೆ ಕಾಣುವ ಚಿತ್ತಾರ: ಹೂವು, ಬಳ್ಳಿ, ನಕ್ಷತ್ರ, ನವಿಲು. ಇನ್ನೊಂದು ಆ ಚಿತ್ತಾರವನ್ನು ಮುಗಿಸಲು ದಾರ ನಡೆದ ದಾರಿ: ಎಲ್ಲಿ ಹೊರಟಿತು, ಯಾವ ಕಿಂಡಿಯಲ್ಲಿ ನುಸುಳಿತು, ಹೇಗೆ ತಿರುಗಿತು, ಎಲ್ಲಿ ನಿಂತಿತು. ಚಿತ್ತಾರವನ್ನು ದೂರದಿಂದ ನೋಡಿ ಎರವಲು ತರಬಹುದು. ದಾರಿ ಹಾಗೆ ಸಿಗುವುದಿಲ್ಲ. ಅದನ್ನು ಯಾರಾದರೂ ಹೇಳಿಕೊಡಬೇಕು, ಇಲ್ಲವೇ ಕೆಲಸಕ್ಕೆ ಕುಳಿತವಳೇ ಹುಡುಕಿಕೊಳ್ಳಬೇಕು. ಸ್ವಂತದ್ದು ಯಾವುದು, ನಕಲು ಯಾವುದು ಎಂಬ ಪ್ರಶ್ನೆ ಬಂದಾಗ ಜನ ಸಾಮಾನ್ಯವಾಗಿ ಚಿತ್ತಾರವನ್ನಷ್ಟೇ ನೋಡಿ ತೀರ್ಪು ಕೊಡುತ್ತಾರೆ. ವರ್ಕಾಡಿಯಂಥ ಗಡಿನಾಡಿನ ಊರುಗಳಿಂದ ಧಾರವಾಡದವರೆಗೆ ಸೂಜಿಯನ್ನೋ ಕೊಕ್ಕೆಯನ್ನೋ ಹಿಡಿದ ಹೆಣ್ಣುಮಕ್ಕಳ ಕೆಲಸಕ್ಕೆ ಆ ತೀರ್ಪು ನ್ಯಾಯ ಒದಗಿಸುವುದಿಲ್ಲ.

ಯೂರೋಪಿನಲ್ಲಿ ಲೇಸು ರೂಪುಗೊಂಡದ್ದು 15ನೆಯ ಶತಮಾನದ ಕೊನೆಯಿಂದ 16ನೆಯ ಶತಮಾನದ ಅವಧಿಯಲ್ಲಿ, ಮುಖ್ಯವಾಗಿ ವೆನಿಸ್ ಮತ್ತು ಫ್ಲಾಂಡರ್ಸ್‌ಗಳಲ್ಲಿ. ಸೂಜಿ ಲೇಸು ಕಸೂತಿಯ ಮಗಳು. ಮೊದಲು ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿದರು. ಆಮೇಲೆ ಎಳೆಗಳನ್ನು ಕತ್ತರಿಸಿ ತೆಗೆದು ಉಳಿದ ಚೌಕಗಳ ಒಳಗೆ ದಾರ ತುಂಬಿದರು. ಕೊನೆಗೆ ಬಟ್ಟೆಯನ್ನೇ ಬಿಟ್ಟರು. ವೆನಿಸಿನವರು ಈ ಕೊನೆಯ ಹಂತಕ್ಕೆ 'ಗಾಳಿಯಲ್ಲಿ ಹಾಕಿದ ಹೊಲಿಗೆ' ಎಂಬ ಅರ್ಥದ ಹೆಸರು ಇಟ್ಟರು. ಇನ್ನೊಂದು ಬಗೆಯಾದ ಬಾಬಿನ್ ಲೇಸು ಹೆಣಿಗೆಯಿಂದ ಬಂತು. ಗಟ್ಟಿ ದಿಂಬಿನ ಮೇಲೆ ನಮೂನೆಯ ಕಾಗದವನ್ನೋ ಚರ್ಮವನ್ನೋ ಇಟ್ಟು, ಗುಂಡುಸೂಜಿಗಳನ್ನು ಚುಚ್ಚಿ, ಪುಟ್ಟ ಕಡ್ಡಿಗಳಿಗೆ ಸುತ್ತಿದ ಹತ್ತಾರು ದಾರಗಳನ್ನು ಒಂದರ ಮೇಲೊಂದು ದಾಟಿಸಿ ಜಡೆ ಹೆಣೆಯುವ ಕ್ರಮ ಅದು.

ಆ ಹೊತ್ತಿಗೆ ಮುದ್ರಣ ಬಂದಿತ್ತು. ನಮೂನೆ ಪುಸ್ತಕಗಳು 1520ರ ದಶಕದಿಂದ ಜರ್ಮನಿ, ಇಟಲಿಗಳಲ್ಲಿ ಅಚ್ಚಾದವು. ಬಾಬಿನ್ ಲೇಸಿನದೇ ಆದ ಮೊದಲ ಪುಸ್ತಕ 'ಲೆ ಪೊಂಪೆ' 1557ರಲ್ಲಿ ವೆನಿಸಿನಲ್ಲಿ ಹೊರಬಂತು. 1587ರಲ್ಲಿ ವೆನಿಸ್ ಮೂಲದ ಫೆಡರಿಕೊ ವಿಂಚಿಯೊಲೊ ಪ್ಯಾರಿಸಿನಲ್ಲಿ ತನ್ನ ಪುಸ್ತಕವನ್ನು ಪ್ರಕಟಿಸಿದ. 1591ರಲ್ಲಿ ಚಿಜರೆ ವೆಚೆಲ್ಲಿಯೊ ವೆನಿಸಿನಲ್ಲಿ ಇನ್ನೊಂದನ್ನು ತಂದ. ಪ್ರಕಾಶಕರು ಒಬ್ಬರ ಚಿತ್ರಗಳನ್ನು ಇನ್ನೊಬ್ಬರು ಸಂಕೋಚವಿಲ್ಲದೆ ಎತ್ತಿಕೊಂಡರು. ಅಚ್ಚಾದ ಹಾಳೆಯನ್ನು ಹೊಸ ಮರದಚ್ಚಿನ ಮೇಲೆ ಹಾಗೆಯೇ ಬಿಡಿಸಿ ಕೊರೆದರೆ, ಅದರಿಂದ ಮೂಡುವ ಚಿತ್ರ ಎಡಬಲ ತಿರುಗಿರುತ್ತದೆ. ಬಲಕ್ಕೆ ನೋಡುತ್ತಿದ್ದ ಜಿಂಕೆ ಇನ್ನೊಂದು ಪುಸ್ತಕದಲ್ಲಿ ಎಡಕ್ಕೆ ನೋಡುತ್ತಿದ್ದರೆ ನಕಲಿನ ಸುಳಿವು ಅಲ್ಲೇ ಸಿಗುತ್ತದೆ.

ಈ ಪುಸ್ತಕಗಳು ಹೆಚ್ಚು ಉಳಿಯದಿರುವುದಕ್ಕೆ ಕಾರಣ ಅವುಗಳ ಬಳಕೆಯೇ. ಚಿತ್ತಾರವನ್ನು ಬಟ್ಟೆಗೋ ಚರ್ಮಕ್ಕೋ ಇಳಿಸಲು ಹಾಳೆಯ ಗೆರೆಗುಂಟ ಸೂಜಿಯಿಂದ ಚುಚ್ಚುತ್ತಿದ್ದರು. ಹಾಗೆ ತೂತುಬಿದ್ದ ಹಾಳೆ ಕೆಲವು ಸಲದ ಬಳಕೆಗೇ ಹರಿಯುತ್ತಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ, 'ಲೆ ಪೊಂಪೆ'ಯಲ್ಲಿ ಚಿತ್ರಗಳಿವೆ, ಕೆಲಸದ ಕ್ರಮವಿಲ್ಲ. ಎಷ್ಟು ಕಡ್ಡಿ ಬೇಕು, ಯಾವ ದಾರ ಯಾವುದನ್ನು ದಾಟಬೇಕು ಎಂಬ ಒಂದು ಸಾಲೂ ಇಲ್ಲ. ಪುಸ್ತಕ ಕೊಂಡವಳಿಗೆ ಚಿತ್ತಾರ ಸಿಕ್ಕಿತು. ದಾರಿಯನ್ನು ಅವಳೇ ಹುಡುಕಬೇಕಾಯಿತು.

1561ರಲ್ಲಿ ಜ್ಯೂರಿಕ್‌ನಲ್ಲಿ ಅಚ್ಚಾದ ಬಾಬಿನ್ ಲೇಸಿನ ಪುಸ್ತಕ ಈ ದೃಷ್ಟಿಯಿಂದ ಅಮೂಲ್ಯ. ಅದನ್ನು ಮಾಡಿದ ಮಹಿಳೆ ತನ್ನ ಹೆಸರಿನ ಎರಡು ಅಕ್ಷರಗಳನ್ನು ಮಾತ್ರ ಬಿಟ್ಟುಹೋಗಿದ್ದಾಳೆ: ಆರ್. ಎಂ. ಈ ಕಲೆಯನ್ನು ವೆನಿಸ್ ಮತ್ತು ಇಟಲಿಯ ವರ್ತಕರು 1536ರಲ್ಲಿ ಸ್ವಿಸ್ ನಾಡಿಗೆ ತಂದರೆಂದು ಮುನ್ನುಡಿಯಲ್ಲಿ ಆಕೆ ತಿಳಿಸುತ್ತಾಳೆ. ಜಾಣ ಹೆಣ್ಣುಮಕ್ಕಳು ಬಂದ ನಮೂನೆಗಳನ್ನು ಮೊದಲು ನಕಲು ಮಾಡಿದರು, ಆಮೇಲೆ ಅವಕ್ಕಿಂತ ಚೆನ್ನಾದವನ್ನು ತಾವೇ ಕಟ್ಟಿದರು ಎಂಬುದು ಆಕೆಯ ವಿವರಣೆ. ನಕಲನ್ನು ಕಲಿಕೆಯ ಮೊದಲ ಹಂತವೆಂದು ಹೀಗೆ ನೇರವಾಗಿ ಹೇಳಿದವರು ಆ ಕಾಲದ ಪುಸ್ತಕಗಳಲ್ಲಿ ವಿರಳ. ಪುರುಷರು ಹೊರತಂದ ಪುಸ್ತಕಗಳ ಮುಖಪುಟಗಳಲ್ಲಿ 'ಹೊಸ', 'ಹಿಂದೆಂದೂ ಕಾಣದ' ಎಂಬ ವಿಶೇಷಣಗಳೇ ತುಂಬಿವೆ.

ನಕಲು ರಾಜನೀತಿಯೂ ಆಯಿತು. ವೆನಿಸಿನ ಲೇಸಿಗೆ ಫ್ರಾನ್ಸಿನ ಹಣ ಹರಿದುಹೋಗುವುದನ್ನು ತಡೆಯಲು 1665ರಲ್ಲಿ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರ್ ರಾಜಾಶ್ರಯದ ಕಾರ್ಖಾನೆಗಳನ್ನು ತೆರೆದು ವೆನಿಸಿನ ಕುಶಲ ಕೆಲಸಗಾರ್ತಿಯರನ್ನು ಕರೆಸಿಕೊಂಡ. ಚಿತ್ರ ತಂದರೆ ಸಾಲದು, ದಾರಿ ಗೊತ್ತಿರುವ ಕೈಗಳನ್ನೇ ತರಬೇಕು ಎಂಬುದರ ಅರಿವು ಅವನಿಗಿತ್ತು. ವೆನಿಸಿಗೂ ಅದು ಗೊತ್ತಿತ್ತು. ಹೊರಗೆ ಹೋದವರು ಮರಳಬೇಕೆಂದು ಅಲ್ಲಿನ ಆಡಳಿತ ಕಠಿಣ ಶಿಕ್ಷೆಯ ಬೆದರಿಕೆ ಹಾಕಿತು. ಫ್ರಾನ್ಸಿನ ಮೊದಲ ಲೇಸು ವೆನಿಸಿನದರಿಂದ ಬೇರ್ಪಡಿಸಲಾರದಷ್ಟು ಒಂದೇ ತೆರನಾಗಿತ್ತು. ಕೆಲವೇ ದಶಕಗಳಲ್ಲಿ ಅದು ಹಗುರವಾಗಿ, ಸಮಪಾಲಿನ ವಿನ್ಯಾಸಗಳತ್ತ ಹೊರಳಿ, ವೆನಿಸೇ ಅನುಕರಿಸುವ ಶೈಲಿಯಾಯಿತು.

ಅಲ್ಲಿಂದ ಸುಮಾರು ಎರಡು ಶತಮಾನ ದಾಟಿದರೆ ಐರ್ಲೆಂಡಿನಲ್ಲಿ ಇನ್ನೊಂದು ಕಥೆ. 1840ರ ದಶಕದಲ್ಲಿ ಆಲೂಗೆಡ್ಡೆ ಬೆಳೆ ಕೊಳೆತು ಬರಗಾಲ ಬಿದ್ದಾಗ, ಯೋಲ್ ಎಂಬ ಊರಿನ ಕಾನ್ವೆಂಟಿನಲ್ಲಿ ಮದರ್ ಮೇರಿ ಆನ್ ಸ್ಮಿತ್ ಹಳೆಯ ಇಟಾಲಿಯನ್ ಲೇಸಿನ ಒಂದು ತುಂಡನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ದಾರ ನಡೆದ ದಾರಿಯನ್ನು ಹಿಂದುಮುಂದಾಗಿ ಓದಿ ಕಲಿತರು. ಕಲಿತದ್ದನ್ನು ಊರಿನ ಹಸಿದ ಹುಡುಗಿಯರಿಗೆ ಕಲಿಸಿದರು. ಅದು ಯೋಲ್ ಲೇಸು ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಎರವಲು ಎಂಬ ಪದಕ್ಕೆ ಇಂಥ ಕೆಲಸದ ಭಾರ ಹೊರುವ ಶಕ್ತಿಯಿಲ್ಲ. ಒಂದು ಲೇಸನ್ನು ಕಳೆದುಕೊಂಡು ಅದರ ವ್ಯಾಕರಣವನ್ನು ಪಡೆದ ಕ್ರಿಯೆ ಅದು.

ಅದೇ ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಹಬ್ಬಿದ ಮತ್ತೊಂದು ಕೆಲಸ ಕ್ರೋಶಾ. ಒಂದೇ ಕೊಕ್ಕೆ, ಒಂದೇ ಎಳೆ. ವೆನಿಸಿನ ದಪ್ಪ ಸೂಜಿ ಲೇಸಿನ ನೋಟವನ್ನು ಅದು ಬೇಗ, ಅಗ್ಗವಾಗಿ ಅನುಕರಿಸುತ್ತಿತ್ತು. ಲಂಡನ್ನಿನ ರೀಗೊ ದ ಲಾ ಬ್ರಾಂಶಾರ್ಡಿಯೇರ್ ಎಂಬ ಮಹಿಳೆ 1840ರ ದಶಕದಿಂದ ಕ್ರೋಶಾ ಪುಸ್ತಿಕೆಗಳನ್ನು ಅಚ್ಚುಹಾಕಿಸತೊಡಗಿದರು. ಅವುಗಳಲ್ಲಿ ಇಷ್ಟು ಸರಪಳಿ, ಇಷ್ಟು ಕಂಬ, ಇಲ್ಲಿ ತಿರುಗು ಎಂಬ ಲೆಕ್ಕ ಸಾಲುಸಾಲಾಗಿ ಇತ್ತು. ಲೇಸಿನ ಚರಿತ್ರೆಯ ದೊಡ್ಡ ತಿರುವು ಇದು. ಚಿತ್ತಾರದ ಜೊತೆ ದಾರಿಯೂ ಅಚ್ಚಾಗಿ ಅಂಗಡಿಗೆ ಬಂತು.

1886ರಲ್ಲಿ ತೆರೆಸ್ ದ ದಿಲ್ಮೊಂ ಅವರ ಸೂಜಿಕೆಲಸದ ವಿಶ್ವಕೋಶ ಪ್ರಕಟವಾಯಿತು. ಆಕೆ ಕೆಲಸ ಮಾಡುತ್ತಿದ್ದುದು ಅಲ್ಸಾಸ್ ಪ್ರಾಂತದ ಮ್ಯುಲೂಜ್ ಪಕ್ಕದ ದೊರ್ನಾಕ್‌ನಲ್ಲಿ, ಡಿಎಂಸಿ ನೂಲಿನ ಕಂಪೆನಿಯ ಜೊತೆಗೂಡಿ. ಹಲವು ಭಾಷೆಗಳಿಗೆ ಹೋದ ಆ ಪುಸ್ತಕದಲ್ಲಿ ಯಾವ ಕೆಲಸಕ್ಕೆ ಯಾವ ನಂಬರಿನ ನೂಲು ಎಂಬ ಸೂಚನೆ ಪುಟಪುಟಕ್ಕೂ ಇದೆ. ನಮೂನೆ ಹಂಚಿದರೆ ನೂಲು ಖರ್ಚಾಗುತ್ತದೆ ಎಂಬ ವ್ಯಾಪಾರದ ತಿಳಿವಳಿಕೆ ಅದು. ಮುಂದೆ ಕೋಟ್ಸ್ ಕಂಪೆನಿ ಕೂಡ ತನ್ನ ಆಂಕರ್ ನೂಲಿಗೆ ಅದೇ ಹಾದಿ ಹಿಡಿಯಿತು. ಹೀಗಾಗಿ ನೂಲು ತಲುಪಿದ ಊರಿಗೆಲ್ಲ ನಮೂನೆಯೂ ತಲುಪಿತು, ಒಂದೇ ಗುಲಾಬಿ ನೂರು ದೇಶಗಳಲ್ಲಿ ಅರಳಿತು. ಮ್ಯುಲೂಜ್‌ನಿಂದ ಬಾಸೆಲ್ ನಗರಕ್ಕೆ ಸುಮಾರು 30 ಕಿಲೋಮೀಟರು. ಬಾಸೆಲ್ ಮಿಷನ್ನಿನಿಂದಾಗಿ ಕನ್ನಡ ಓದುಗರಿಗೆ ಆ ಹೆಸರು ಹೊಸದಲ್ಲ.

ಭಾರತದ ಕರಾವಳಿಗೆ ಲೇಸು ಬಂದದ್ದು ಒಂದೇ ಬಾಗಿಲಿನಿಂದಲ್ಲ. ಮೊದಲ ಬಾಗಿಲು ಪೋರ್ಚುಗೀಸರದು. ಅವರ ಭಾಷೆಯಲ್ಲಿ ಲೇಸಿಗೆ 'ರೆಂದ' ಎನ್ನುತ್ತಾರೆ. ಆ ಪದ ಗೋವೆಯಲ್ಲಿ ಕೈಕೆಲಸದ ಹೆಸರಾಗಿ ನಿಂತಿದೆ, ಸಿಂಹಳದಲ್ಲಿದೆ, ಮಲಯ ಭಾಷೆಯಲ್ಲೂ ಇದೆ. ಶ್ರೀಲಂಕಾದ ದಕ್ಷಿಣ ಕರಾವಳಿಯ ಬಾಬಿನ್ ಲೇಸನ್ನು ಇಂದಿಗೂ 'ಬೀರಳು' ಎನ್ನುತ್ತಾರೆ. ಅದು ಪೋರ್ಚುಗೀಸಿನಲ್ಲಿ ಲೇಸಿನ ಕಡ್ಡಿಗಿರುವ ಹೆಸರಿನಿಂದಲೇ ಬಂದದ್ದು. ಚಿತ್ತಾರಗಳು ಊರೂರಿಗೆ ಬದಲಾದವು, ಪದ ಮಾತ್ರ ಹಡಗಿನಿಂದ ಇಳಿದ ಹಾಗೆಯೇ ಉಳಿಯಿತು.

ಎರಡನೆಯ ಬಾಗಿಲು 19ನೆಯ ಶತಮಾನದ ಪ್ರಾಟೆಸ್ಟೆಂಟ್ ಮಿಷನ್‌ಗಳದು. ತಿರುವಾಂಕೂರು ಸಂಸ್ಥಾನದ ನಾಗರಕೋಯಿಲಿಗೆ 1819ರಲ್ಲಿ ಬಂದ ಲಂಡನ್ ಮಿಷನ್ನಿನ ಮಾರ್ಥಾ ಮಾಲ್ಟ್ ಅಲ್ಲಿನ ಹುಡುಗಿಯರಿಗೆ ದಿಂಬಿನ ಲೇಸು ಕಲಿಸಿದರು. ದುಡಿದ ಹಣದಿಂದ ಕೆಲವರು ಜೀತದಿಂದ ತಮ್ಮ ಬಿಡುಗಡೆಯನ್ನು ಕೊಂಡುಕೊಂಡರು. ಆ ಸಂಸ್ಥಾನದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1855ರಲ್ಲಿ. ಇಂಗ್ಲಿಷ್ ಹಳ್ಳಿಯ ನಮೂನೆಯನ್ನು ನಕಲು ಮಾಡಿದ ಆ ಕೈಗಳಿಗೆ ನಮೂನೆ ಸ್ವಂತದ್ದಾಗಿರಲಿಲ್ಲ. ಅದರಿಂದ ಸಿಕ್ಕ ಬಿಡುಗಡೆ ಸ್ವಂತದ್ದಾಗಿತ್ತು. ಕಲೆಯ ಇತಿಹಾಸ ಬರೆಯುವವರು ಈ ಎರಡನ್ನು ಒಟ್ಟಿಗೆ ಹೇಳಬೇಕು.

ಆಂಧ್ರದ ನರಸಾಪುರದಲ್ಲಿ ಮಿಷನರಿಗಳು ನೆಟ್ಟ ಕ್ರೋಶಾ ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಬಿಡಿ ಹೂಗಳನ್ನು ಹಾಕುವವರು ಕೆಲವರು, ಅವನ್ನು ಜೋಡಿಸುವವರು ಬೇರೆಯವರು, ನಮೂನೆ ಆರಿಸುವವರು ವ್ಯಾಪಾರಿಗಳು. ದಿನವಿಡೀ ದುಡಿದರೂ ಆ ಹೆಂಗಸರು ಲೆಕ್ಕದಲ್ಲಿ ಬರೀ ಗೃಹಿಣಿಯರು. ಪೂರ್ತಿ ಚಿತ್ತಾರವನ್ನು ಕಾಣದೆ ಅದರ ತುಣುಕನ್ನಷ್ಟೇ ಮಾಡುವವಳಿಂದ ಸ್ವಂತಿಕೆಯನ್ನು ಬಯಸುವುದು ಅನ್ಯಾಯ.

ವರ್ಕಾಡಿ ಇರುವುದು ಈ ಎರಡು ಬಾಗಿಲುಗಳ ನಡುವಿನ ಅಂಗಳದಲ್ಲಿ. 1956ರ ನವೆಂಬರ್ 1ರವರೆಗೆ ಅದು ಮಂಗಳೂರು ಕೇಂದ್ರವಾದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಆಮೇಲೆ ಕೇರಳದ್ದು, 1984ರಿಂದ ಕಾಸರಗೋಡು ಜಿಲ್ಲೆಯದು, 2014ರಿಂದ ಮಂಜೇಶ್ವರ ತಾಲೂಕಿನದು. ರಾಜ್ಯದ ಗೆರೆ ಬದಲಾದರೂ ಇಗರ್ಜಿಯ ಗೆರೆ ಬದಲಾಗಲಿಲ್ಲ: ವರ್ಕಾಡಿಯ ಪವಿತ್ರ ಹೃದಯದ ಇಗರ್ಜಿ ಈಗಲೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ತುಳು, ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ ಕೇಳಿಬರುವ ಈ ಸೀಮೆಗೆ ಸೂಜಿಕೆಲಸದ ಪಾಠವೂ ಮಂಗಳೂರಿನ ದಿಕ್ಕಿನಿಂದಲೇ ಬಂತು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಫ್ರಾನ್ಸಿನ ಬಯೋನ್‌ನಿಂದ ಅಪೊಸ್ತೊಲಿಕ್ ಕಾರ್ಮೆಲ್ ಸಂನ್ಯಾಸಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಮದ್ರಾಸ್ ಪ್ರಾಂತದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು, ಬರಹ, ಲೆಕ್ಕದ ಪಕ್ಕದಲ್ಲೇ ಸೂಜಿಕೆಲಸವೂ ಪಾಠವಾಗಿತ್ತು.

ಕರಾವಳಿಯ ಮನೆಗಳಲ್ಲಿ ಬೇರೂರಿದ್ದು ಕ್ರೋಶಾ. ದಿಂಬಿನ ಲೇಸಿಗೆ ಜಾಗ ಬೇಕು, ಹತ್ತಾರು ಕಡ್ಡಿ ಬೇಕು, ಕುಳಿತಲ್ಲೇ ಇರಬೇಕು. ಕ್ರೋಶಾಕ್ಕೆ ಒಂದು ಕೊಕ್ಕೆ, ಒಂದು ಉಂಡೆ ನೂಲು ಸಾಕು. ಮಗು ಅತ್ತರೆ ಎದ್ದು ಹೋಗಬಹುದು, ಬಿಟ್ಟ ಕಡೆಯಿಂದ ಮತ್ತೆ ಹಿಡಿಯಬಹುದು. ಮೇಜಿನ ಹೊದಿಕೆ, ಬಾಗಿಲಿನ ತೋರಣ, ದಿಂಬಿನ ಗವಸಿನ ಅಂಚು, ಕ್ರೈಸ್ತರಲ್ಲಿ ಇವುಗಳ ಜೊತೆಗೆ ಪೀಠದ ಬಟ್ಟೆಯ ಅಂಚು ಎಂದು ಅದು ಹರಡಿತು.

ಇಲ್ಲಿ ಅನಾನಸಿನ ಪ್ರಸಂಗವನ್ನು ಹೇಳಲೇಬೇಕು. ಅಮೆರಿಕ ಖಂಡದ ಈ ಹಣ್ಣನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಹೆಸರೂ ಅವರೊಂದಿಗೇ ಬಂತು. 20ನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ನೂಲಿನ ಪುಸ್ತಿಕೆಗಳಲ್ಲಿ ಅನಾನಸಿನ ಆಕಾರದ ಕ್ರೋಶಾ ನಮೂನೆ ಜನಪ್ರಿಯವಾಗಿ ಲೋಕವೆಲ್ಲ ಸುತ್ತಿತು. ಹಿತ್ತಲಿನಲ್ಲಿ ನಾಲ್ಕು ಶತಮಾನಗಳಿಂದ ಹಣ್ಣಿದ್ದ ಕರಾವಳಿಗೆ ಅದರ ಚಿತ್ತಾರ ಪರದೇಶದ ಕಾಗದದಿಂದ ಬಂತು. ಇದನ್ನು ಪರಕೀಯ ಎನ್ನುವವರು ಹಣ್ಣನ್ನೂ ಹಾಗೆಯೇ ಕರೆಯಬೇಕಾಗುತ್ತದೆ.

ಕ್ರೋಶಾದಲ್ಲಿ ಚೌಕುಳಿಯ ಬಗೆಯೊಂದಿದೆ. ತುಂಬಿದ ಚೌಕ, ಖಾಲಿ ಚೌಕ ಇವೆರಡರಿಂದಲೇ ಹಂಸ, ಗುಲಾಬಿ, ಶಿಲುಬೆ, ದ್ರಾಕ್ಷಿ ಗೊಂಚಲು, ಅಕ್ಷರ ಎಲ್ಲವನ್ನೂ ಮೂಡಿಸುತ್ತಾರೆ. ಅದಕ್ಕೆ ಪುಸ್ತಕದಲ್ಲಿ ಗ್ರಾಫ್ ಕಾಗದದ ಚಿತ್ರ ಕೊಟ್ಟಿರುತ್ತಾರೆ. ಚುಕ್ಕಿ ಇಟ್ಟು ರಂಗೋಲಿ ಹಾಕಿ ಬೆಳೆದ ಕೈಗೆ ಆ ಗ್ರಾಫ್ ಹೊಸತೆನಿಸುವುದಿಲ್ಲ. ಹನ್ನೊಂದು ಚುಕ್ಕಿಯಿಂದ ಒಂದಕ್ಕೆ ಇಳಿಯುವ ಲೆಕ್ಕ, ನಡುಸಾಲಿನ ಎರಡು ಬದಿಗೂ ಒಂದೇ ರೂಪ, ಗೆರೆ ಮುರಿಯದೆ ಸುತ್ತಿ ಬರುವ ಹಟ, ಇವೆಲ್ಲ ಅಂಗಳದಲ್ಲಿ ಮೊದಲೇ ಕಲಿತದ್ದು. ಹೊರಗಿನಿಂದ ಬಂದ ಕೊಕ್ಕೆ ಇಲ್ಲಿ ಬೇಗ ಒಗ್ಗಿದ್ದಕ್ಕೆ ಶಾಲೆಯಷ್ಟೇ ಅಂಗಳವೂ ಕಾರಣವೆಂದು ತಿಳಿಯುವುದು ಸಮಂಜಸ.

ಪುಸ್ತಿಕೆಗಳು ದಾರಿಯನ್ನು ಮಾರಿದವು ಎಂದದ್ದು ನಿಜ, ಆದರೆ ಪೂರ್ತಿ ದಾರಿಯನ್ನಲ್ಲ. ಅಂಚಿನ ಲೇಸಿನ ನಮೂನೆಯಲ್ಲಿ ಸಾಮಾನ್ಯವಾಗಿ ನೇರವಾದ ಪಟ್ಟಿಯ ಒಂದು ಗೇಣು ತೋರಿಸಿ, ಬೇಕಾದಷ್ಟು ಉದ್ದ ಮುಂದುವರಿಸಿ ಎಂದು ಬಿಟ್ಟಿರುತ್ತಾರೆ. ಮೇಜಿನ ಬಟ್ಟೆಗೆ ನಾಲ್ಕು ಮೂಲೆಗಳಿವೆ. ಮೂಲೆಯಲ್ಲಿ ಪಟ್ಟಿ ತೊಂಬತ್ತು ಡಿಗ್ರಿ ತಿರುಗಬೇಕು; ಹೊರಗಿನ ಅಂಚಿಗೆ ನೂಲು ಹೆಚ್ಚು, ಒಳಗಿನ ಅಂಚಿಗೆ ಕಡಿಮೆ; ಹೂವು ಅರ್ಧಕ್ಕೆ ತುಂಡಾಗಬಾರದು. ಇದನ್ನು ಬಗೆಹರಿಸಲು ಕೆಲವರು ಮೂಲೆಗೆ ಬೇರೆಯೇ ಹೂವನ್ನು ಹಾಕುತ್ತಾರೆ, ಕೆಲವರು ಕಂಬಗಳನ್ನು ಬೀಸಣಿಗೆಯಂತೆ ಹರಡುತ್ತಾರೆ, ಕೆಲವರು ಪಟ್ಟಿಯನ್ನು ಮಡಚಿ ಹೊಲಿದು ಮುಗಿಸುತ್ತಾರೆ. ಒಂದೇ ಪುಸ್ತಿಕೆ ನೋಡಿ ಮಾಡಿದ ಹತ್ತು ಮೇಜು ಬಟ್ಟೆಗಳಲ್ಲಿ ಹತ್ತು ಮನಸ್ಸುಗಳು ಕಾಣುವುದು ಮೂಲೆಗಳಲ್ಲೇ.

ಘಟ್ಟದ ಮೇಲಣ ಕಸೂತಿಯಲ್ಲಿ ಪುಸ್ತಿಕೆಯೂ ಇರಲಿಲ್ಲ. ಧಾರವಾಡ, ಹುಬ್ಬಳ್ಳಿ ಸೀಮೆಯ ಈ ಕೆಲಸ ಲೇಸಿನ ಸೋದರಿ. ವೆನಿಸಿನ ಸೂಜಿ ಲೇಸು ಹುಟ್ಟಿದ್ದು ಇಂಥದೇ ಎಳೆ ಎಣಿಸುವ ಹೊಲಿಗೆಯಿಂದ. ಕಸೂತಿ ಎಂಬ ಹೆಸರನ್ನು ಕೈ, ಸೂತಿ ಎಂದು ಬಿಡಿಸುವುದು ವಾಡಿಕೆ. ಇಳಕಲ್ ಸೀರೆಯ ಸೆರಗು, ಮದುವೆಯ ಕಪ್ಪು ಚಂದ್ರಕಾಳಿ ಸೀರೆ, ಖಣದ ಕುಪ್ಪಸ ಇವು ಅದರ ನೆಲ. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಅಂಬಾರಿ ಹೊತ್ತ ಆನೆ. ಒಳಗೆ ಹೋದಂತೆ ಚಿತ್ತಾರಗಳು ಸಣ್ಣದಾಗಿ, ಬಿಡಿಬಿಡಿಯಾಗಿ, ಕೊನೆಗೆ ನಕ್ಷತ್ರದಷ್ಟಾಗುತ್ತವೆ. ತುಳಸಿಕಟ್ಟೆ, ತೊಟ್ಟಿಲು, ಪಲ್ಲಕ್ಕಿ, ನವಿಲು, ಗಿಳಿ, ಕಮಲ, ಶಂಖ ಎಲ್ಲವೂ ಸುತ್ತಲಿನ ಗುಡಿ, ಮನೆ, ತೋಟಗಳಿಂದ ತಂದವು.

ಹೊಲಿಗೆಗಳು ನಾಲ್ಕು. ಗಂಟಿನಿಂದ ಹೆಸರು ಪಡೆದ ಗವಂತಿ, ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ, ನೇಯ್ಗೆಯಂತೆ ಕಾಣುವ ನೇಗಿ, ಮೆಂತ್ಯದ ಕಾಳಿನಂತೆ ಅಡ್ಡಗೆರೆ ಹಾಕುವ ಮೆಂತಿ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಮುಖ ಒಂದೇ ತರಹ ಇರಬೇಕು, ಎಲ್ಲೂ ಗಂಟು ಕಾಣಬಾರದು. ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಗುಡಿಯ ಗೋಪುರ ಕಸೂತಿಗೆ ಇಳಿದಾಗ ಅದು ಕಲ್ಲಿನ ನಕಲಾಗಿ ಉಳಿಯುವುದಿಲ್ಲ. ಹೊಲಿಗೆಗೆ ಉದ್ದ, ಅಡ್ಡ, ಓರೆ ಗೆರೆಗಳಷ್ಟೇ ಸಾಧ್ಯ; ಬಾಗಿದ ಗೆರೆ ಬರುವುದಿಲ್ಲ. ಕಲಶದ ದುಂಡು ಮೂಲೆಗಳಾಗಿ ಒಡೆಯುತ್ತದೆ, ಆನೆಯ ಬೆನ್ನು ಮೆಟ್ಟಿಲಾಗುತ್ತದೆ. ಏನನ್ನು ಬಿಡಬೇಕು ಎಂಬ ಆಯ್ಕೆಯಲ್ಲಿ ಹೊಲಿಯುವವಳ ಬುದ್ಧಿ ಕಾಣುತ್ತದೆ. ಸೊಂಡಿಲನ್ನು ಆರು ಹೊಲಿಗೆಯಲ್ಲಿ ಹೇಳಿ ಮುಗಿಸಿದವಳು ಆನೆಯನ್ನು ನಿಜವಾಗಿ ನೋಡಿದವಳು.

ಈಗ ದಾರಿಯ ಪ್ರಶ್ನೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಗೆರೆಯ ಅರ್ಧವನ್ನು ಹಾಕುತ್ತದೆ. ಬಿಟ್ಟ ಅರ್ಧವನ್ನು ಬರುವಾಗ ತುಂಬುತ್ತದೆ. ಪ್ರತಿ ಗೆರೆಯನ್ನೂ ಹೀಗೆ ಎರಡು ಸಲ ನಡೆದು ಹೊರಟಲ್ಲಿಗೇ ಮರಳಬೇಕು. ಗೋಪುರದ ಕವಲುಗಳು, ಒಳಗಿನ ಗೂಡುಗಳು, ಅವುಗಳೊಳಗಿನ ದೀಪ, ಎಲ್ಲವನ್ನೂ ಮುಟ್ಟಿ, ಯಾವುದನ್ನೂ ಮೂರನೆಯ ಸಲ ತುಳಿಯದೆ ಮರಳುವುದು ಲೆಕ್ಕದ ಸಮಸ್ಯೆ. ಗಣಿತಜ್ಞ ಆಯ್ಲರ್ 1736ರಲ್ಲಿ ಕ್ಯೋನಿಗ್ಸ್‌ಬೆರ್ಗ್ ನಗರದ ಏಳು ಸೇತುವೆಗಳ ಬಗ್ಗೆ ಕೇಳಿದ್ದು ಇದೇ ಜಾತಿಯ ಪ್ರಶ್ನೆ. ಪ್ರತಿ ಸೇತುವೆಯನ್ನು ಒಂದೇ ಸಲ ದಾಟಿ ಆ ನಗರವನ್ನು ಸುತ್ತಲಾಗದು ಎಂದು ಅವನು ತೋರಿಸಿದ. ಪ್ರತಿಯೊಂದನ್ನೂ ಎರಡು ಸಲ ದಾಟಬಹುದೆಂದರೆ, ಜೋಡಿಕೊಂಡಿರುವ ಯಾವ ಚಿತ್ರವನ್ನಾದರೂ ಸುತ್ತಿ ಹೊರಟಲ್ಲಿ ನಿಲ್ಲಬಹುದು. ಕಸೂತಿಯ ಹೆಣ್ಣುಮಕ್ಕಳು ಆ ನಿಯಮವನ್ನು ಬೆರಳಿನಲ್ಲಿ ಬಲ್ಲವರು.

ನೆರೆಮನೆಯ ಸೀರೆಯ ಚಿತ್ತಾರವನ್ನು ಎಣಿಸಿ ತರುವುದು ಕಸೂತಿಯಲ್ಲಿ ತಪ್ಪೆನಿಸಿರಲಿಲ್ಲ. ಹಳೆಯ ಸೀರೆಯೇ ನಮೂನೆಯ ಪುಸ್ತಕ. ಆದರೆ ಮುಗಿದ ಗವಂತಿಯಲ್ಲಿ ಹೋದ ಹೊಲಿಗೆ ಯಾವುದು, ಬಂದ ಹೊಲಿಗೆ ಯಾವುದು ಎಂದು ಗುರುತಿಸುವುದು ಬಹಳ ಕಷ್ಟ. ಎರಡೂ ಮುಖ ಒಂದೇ ಆಗಿರುವಾಗ ದಾರಿ ತನ್ನ ಹೆಜ್ಜೆಗುರುತನ್ನು ತಾನೇ ಅಳಿಸಿರುತ್ತದೆ. ಚಿತ್ತಾರವನ್ನು ಎರವಲು ತಂದ ಪ್ರತಿಯೊಬ್ಬಳೂ ದಾರಿಯನ್ನು ಹೊಸದಾಗಿ ಕಂಡುಕೊಳ್ಳಬೇಕಾಗಿತ್ತು. ಜೊತೆಗೆ, ಎಣಿಕೆ ಒಂದೇ ಆದರೂ ದಪ್ಪ ನೂಲಿನ ಬಟ್ಟೆಯಲ್ಲಿ ಗೋಪುರ ಬೆಳೆಯುತ್ತದೆ, ನಯವಾದ ರೇಷ್ಮೆಯಲ್ಲಿ ಕುಗ್ಗುತ್ತದೆ. ಪಕ್ಕದ ತೇರಿಗೂ ಅದಕ್ಕೂ ಹೊಂದಿಕೆ ಮತ್ತೆ ನೋಡಬೇಕು.

ಕಸೂತಿಯ ಗವಂತಿ ಯೂರೋಪಿನಲ್ಲಿ ಚಿತ್ರಕಾರ ಹೋಲ್ಬೈನನ ಹೆಸರಿನಿಂದ ಕರೆಯುವ ಹೊಲಿಗೆಯೇ ಆಗಿದೆ. ಅವನು ಬರೆದ 16ನೆಯ ಶತಮಾನದ ಭಾವಚಿತ್ರಗಳ ತೋಳಿನ ಪಟ್ಟಿಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಎಂಟು ಮೂಲೆಯ ನಕ್ಷತ್ರ ಎರಡೂ ಕಡೆ ಇದೆ. ಇದನ್ನು ಕಂಡ ಕೂಡಲೇ ಯಾರಿಂದ ಯಾರು ಪಡೆದರು ಎಂಬ ವಾದ ಹುಟ್ಟುತ್ತದೆ. ಆ ವಾದಕ್ಕೆ ಆಧಾರ ತೆಳು. ಹಾಸು ಹೊಕ್ಕಿನ ಚೌಕದ ಮೇಲೆ ನೇರ ಮತ್ತು ಓರೆ ಗೆರೆಗಳಿಂದ ಸುತ್ತಲೂ ಸಮವಾದ ಹೂವು ಬಿಡಿಸಲು ಹೊರಟರೆ ಎಂಟು ಮೂಲೆಯ ನಕ್ಷತ್ರ ತಾನಾಗಿ ಬರುತ್ತದೆ. ಧಾರವಾಡದಲ್ಲಾದರೂ ಲಂಡನ್ನಿನಲ್ಲಾದರೂ ಬಟ್ಟೆಯ ವ್ಯಾಕರಣ ಒಂದೇ. ತುಳಸಿಕಟ್ಟೆ ಹಾಗಲ್ಲ. ಅದು ಇಂಗ್ಲೆಂಡಿನ ತೋಳಿನ ಮೇಲೆ ತಾನಾಗಿ ಮೂಡುವ ರೂಪವಲ್ಲ. ಸಾಮ್ಯದಿಂದ ಎರವಲನ್ನು ಊಹಿಸುವವರು, ಬಟ್ಟೆ ಕೊಟ್ಟ ರೂಪ ಯಾವುದು, ಊರು ಕೊಟ್ಟ ರೂಪ ಯಾವುದು ಎಂದು ಮೊದಲು ಬೇರ್ಪಡಿಸಬೇಕು.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಕೈಕೆಲಸವನ್ನು ಮನೆಯ ಅಲಂಕಾರದ ಮಟ್ಟದಿಂದ ದೇಶದ ಕಲೆಯ ಮಟ್ಟಕ್ಕೆ ಏರಿಸಿದ ಆ ದಶಕಗಳಲ್ಲಿ ಕಸೂತಿಗೂ ಪ್ರದರ್ಶನ, ಮಾರಾಟ, ತರಬೇತಿಗಳ ಆಸರೆ ಸಿಕ್ಕಿತು. ಮನೆಯೊಳಗೆ ಉಡುಗೊರೆಯಾಗಿ ಓಡಾಡುತ್ತಿದ್ದ ಚಿತ್ತಾರ ಅಂಗಡಿಗೆ ಬಂದಾಗ ಅದರ ಒಡೆಯರು ಯಾರು ಎಂಬ ಪ್ರಶ್ನೆಯೂ ಜೊತೆಗೆ ಬಂತು.

ಕಾನೂನು ಈ ಪ್ರಶ್ನೆಯನ್ನು ಮೊದಲು ಮುಟ್ಟಿದ್ದು ಬಟ್ಟೆಯ ಮೂಲಕವೇ. 1787ರಲ್ಲಿ ಬ್ರಿಟಿಷ್ ಸಂಸತ್ತು ಹತ್ತಿ, ನಾರು, ಕ್ಯಾಲಿಕೊ, ಮಸ್ಲಿನ್ ಬಟ್ಟೆಗಳ ಮೇಲಿನ ಹೊಸ ಅಚ್ಚಿನ ವಿನ್ಯಾಸಕ್ಕೆ ಎರಡು ತಿಂಗಳ ರಕ್ಷಣೆ ಕೊಟ್ಟಿತು. ಕ್ಯಾಲಿಕೊ ಎಂಬುದು ಕೋಳಿಕ್ಕೋಡಿನ ಹೆಸರಿನಿಂದಲೇ ಬಂದ ಪದ. ಭಾರತದ ಬಟ್ಟೆಯನ್ನೂ ಚಿತ್ತಾರವನ್ನೂ ಅನುಕರಿಸಿ ಬೆಳೆದ ಉದ್ಯಮ ತನ್ನನ್ನು ಯಾರೂ ಅನುಕರಿಸಬಾರದೆಂದು ಬೇಡಿ ಪಡೆದ ಕಾಯ್ದೆ ಅದು. ಇಂದಿನ ಭಾರತದಲ್ಲಿ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದ ಹೊಸ ವಿನ್ಯಾಸಕ್ಕೆ ಹತ್ತು ವರ್ಷ, ಮತ್ತೆ ಐದು ವರ್ಷದ ರಕ್ಷಣೆಯಿದೆ. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ ಕೈಗಾರಿಕೆಯ ಕ್ರಮದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಹಕ್ಕೂ ಕೊನೆಯಾಗುತ್ತದೆ. ತಲೆಮಾರುಗಳಿಂದ ಬಂದ ಗೋಪುರ, ತೇರು ಹೊಸತಲ್ಲವಾದ್ದರಿಂದ ಈ ಯಾವ ಬೇಲಿಯ ಒಳಗೂ ಬರುವುದಿಲ್ಲ.

2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆ ಬೇರೆ ಹಾದಿ ಹಿಡಿಯಿತು: ಒಬ್ಬ ವ್ಯಕ್ತಿಗಲ್ಲ, ಒಂದು ಸೀಮೆಯ ಕೆಲಸಗಾರರಿಗೆ ಹೆಸರಿನ ಹಕ್ಕು. ಕರ್ನಾಟಕದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಅದು ದೊರೆತಿದೆ. ಯಂತ್ರದಲ್ಲಿ ಹೊಲಿದದ್ದನ್ನು ಕಸೂತಿ ಎಂಬ ಹೆಸರಿನಲ್ಲಿ ಮಾರುವುದನ್ನು ಇದು ತಡೆಯಬಲ್ಲದು. ಅದೇ ಗೋಪುರವನ್ನು ಬೇರೆ ಹೆಸರಿನಲ್ಲಿ ಅಚ್ಚು ಹಾಕುವುದನ್ನು ತಡೆಯಲಾರದು. ಯಂತ್ರದ ಕಸೂತಿಯನ್ನು ಗುರುತಿಸುವ ಸುಲಭ ಉಪಾಯ ಬಟ್ಟೆಯನ್ನು ಮಗುಚುವುದು. ಹಿಂಬದಿಯಲ್ಲಿ ದಾರದ ಗೊಂದಲ ಕಂಡರೆ ಅಲ್ಲಿ ಚಿತ್ತಾರ ಮಾತ್ರ ಇದೆ.

ಈಗ ಕೈ ಲೇಸು ಕನ್ನಡನಾಡಿನಲ್ಲಿ ಜೀವಂತವಾಗಿರುವುದು ಸೀರೆಯ ಕುಚ್ಚಿನಲ್ಲಿ. ಮೊದಲು ಸೆರಗಿನ ತುದಿಯಲ್ಲಿ ಉಳಿದ ಹಾಸಿನ ಎಳೆಗಳನ್ನೇ ಗಂಟುಹಾಕಿ ಕುಚ್ಚು ಕಟ್ಟುತ್ತಿದ್ದರು. ಈಗ ರೇಷ್ಮೆ ದಾರ, ಮಣಿ, ಕ್ರೋಶಾ ಕೊಕ್ಕೆ ಹಿಡಿದು ಸೆರಗಿನ ಅಂಚಿಗೆ ಕಮಾನು, ಹೂವು, ಮಾವಿನಕಾಯಿಗಳ ಲೇಸು ಹಾಕಿ ಅದರಿಂದ ಕುಚ್ಚು ಇಳಿಬಿಡುತ್ತಾರೆ. ಊರೂರಿನಲ್ಲಿ ಇದು ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಸಂಪಾದಿಸುವ ಕಸುಬು. ಗಿರಾಕಿ ಮೊಬೈಲಿನಲ್ಲಿ ಯಾವುದೋ ಮದುವೆಯ ಸೀರೆಯ ಫೋಟೊ ತೋರಿಸಿ ಇದೇ ಬೇಕು ಎನ್ನುತ್ತಾಳೆ. ಫೋಟೊದಲ್ಲಿ ಮಣಿಗಳನ್ನು ಎಣಿಸಬಹುದು. ದಾರ ಮಣಿಯ ಒಳಗಿನಿಂದ ಬಂತೋ ಹಿಂದಿನಿಂದ ಬಂತೋ ಕಾಣುವುದಿಲ್ಲ. ಜೊತೆಗೆ ಆ ಸೀರೆಯ ಸೆರಗಿನ ಅಗಲ ಈ ಸೀರೆಯದಲ್ಲ. ಸೆರಗಿನ ಅಗಲವನ್ನು ಒಂದು ಕಮಾನಿನ ಅಗಲದಿಂದ ಭಾಗಿಸಿದಾಗ ಶೇಷ ಉಳಿದರೆ ಕೊನೆಯ ಹೂವು ಅರ್ಧವಾಗುತ್ತದೆ. ಆದ್ದರಿಂದ ಕೆಲಸಗಾರ್ತಿ ಮೊದಲು ಸೆರಗನ್ನು ನೆಲದ ಮೇಲೆ ಹರಡಿ, ಪೆನ್ಸಿಲಿನಿಂದ ಸಣ್ಣ ಚುಕ್ಕಿಗಳನ್ನು ಇಟ್ಟು, ಆ ಶೇಷವನ್ನು ಎಲ್ಲ ಕಮಾನುಗಳಿಗೂ ಕೂದಲೆಳೆಯಷ್ಟು ಹಂಚಿ, ಆಮೇಲೆ ಮೊದಲ ಸರಪಳಿ ಹಾಕುತ್ತಾಳೆ.